ಮುಹೂರ್ತದ ಹಾಲು

ಹಾಲು ಕುಡಿದರೆ ನನ್ನ ಹೊಟ್ಟೆ ಕೆಡುತ್ತದೆ. ಮದುವೆಯ ದಿನ ಎಲ್ಲರೆದುರು ಕೆಟ್ಟರೆ ಏನು ಗತಿ? ಬೋಜಮ್ಮ ತನ್ನಷ್ಟಕ್ಕೆ ಹೀಗೆ ಒಪ್ಪಿಕೊಂಡದ್ದು ಲಗ್ನ ಗೊತ್ತಾದ ಮೇಲೆ. ಸಂಜೆಯಾದರೆ ದಿನಚರಿ ಬರೆಯಲು ಕೂರುವ ಹುಡುಗಿ ಇದನ್ನು ಮಾತ್ರ ಅದರಲ್ಲೂ ಬರೆಯಲಿಲ್ಲ. ಬರೆಯುವಂಥ ಕಷ್ಟವೇ ಅದು? ಪ್ರೇಮವಲ್ಲ, ವಿರಹವಲ್ಲ, ಹೊಟ್ಟೆಯುಬ್ಬರ.

ವಿರಾಜಪೇಟೆಯ ಹತ್ತಿರದ ಆ ಮನೆಯಲ್ಲಿ ಹಾಲು ಬೇಡವೆನ್ನುವುದು ಸುಲಭವಿರಲಿಲ್ಲ. ಅಜ್ಜಿ ಕೊಟ್ಟಿಗೆಯ ಮೆಟ್ಟಿಲಲ್ಲಿ ಸುಮ್ಮನೆ ಕಾಲು ಜಾರಿದ್ದಕ್ಕೆ ಸೊಂಟದ ಮೂಳೆ ಮುರಿದು, ಮತ್ತೆ ಎದ್ದು ನಡೆದಿರಲಿಲ್ಲ. "ಸಾಲಾಗಿ ಹೆತ್ತಿದ್ದಾರೆ, ಹಾಲು ಮೊಸರು ಎಲ್ಲ ಮಕ್ಕಳಿಗೇ ಬಡಿಸಿದ್ದಾರೆ. ಮೂಳೆ ಇನ್ನು ಹೇಗೆ ಗಟ್ಟಿ ಇರುತ್ತೆ?" ಎಂದಿದ್ದರು ಡಾಕ್ಟರು. ಅಜ್ಜಿಯ ಮಲಮೂತ್ರ ಬಳಿದವಳು ಅವ್ವ. ಅಂದಿನಿಂದ ಮಗಳ ಕೈಗೆ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಲು ಬಂತು. ಮಗಳು ಅದನ್ನು ಹಿತ್ತಲ ದಾಸವಾಳದ ಬುಡಕ್ಕೆ ಸುರಿದು, ಬಾಯಿ ಒರೆಸಿಕೊಳ್ಳುತ್ತಾ ಒಳಗೆ ಬರುವಳು. ಆ ಮನೆಯಲ್ಲಿ ಎಲ್ಲರೂ ಬೆಲ್ಲದ ಕರಿ ಕಾಫಿಯನ್ನೇ ಕುಡಿಯುತ್ತಿದ್ದುದರಿಂದ ಗುಟ್ಟು ಹೊರಬಿದ್ದಿರಲಿಲ್ಲ.

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿಗೆ ಬರುತ್ತಿದ್ದ ಲೇಡಿ ಡಾಕ್ಟರು ನಕ್ಕು ಹೇಳಿದ್ದರು: "ಕೆಲವರ ಹೊಟ್ಟೆಗೆ ಹಾಲು ಒಗ್ಗೋದಿಲ್ಲಮ್ಮ. ನಿನ್ನ ತಪ್ಪೇನೂ ಅಲ್ಲ. ಮೂಳೆಗೆ ಬೇಕಾದ್ದು ರಾಗಿಯಲ್ಲಿದೆ, ಸೊಪ್ಪಿನಲ್ಲಿದೆ, ಮುಳ್ಳು ಸಮೇತ ಅಗಿಯೋ ಸಣ್ಣ ಮೀನಿನಲ್ಲಿದೆ. ಮಜ್ಜಿಗೆ ಒಗ್ಗಿದರೆ ಅದನ್ನೂ ಕುಡಿ." ಊರಿಗೆ ಬಂದ ಮೇಲೆ ಬೋಜಮ್ಮ ಒಣಮೀನನ್ನು ಕರುಂಕುರುಂ ಅಗಿಯುವುದನ್ನು ಕಂಡು ಅವ್ವ, "ಮೈಸೂರಲ್ಲಿ ಉಪವಾಸ ಹಾಕಿದ್ರಾ ನಿನ್ನ?" ಎಂದು ಹಂಗಿಸಿದ್ದಳು. ಡಾಕ್ಟರು ಹೇಳಿದ್ದನ್ನು ತಿಳಿಸಲು ಬಾಯಿ ತೆರೆದವಳು, ಅಜ್ಜಿಯ ಖಾಲಿ ಮಂಚ ಕಂಡು ಅದಕ್ಕೆ ಇನ್ನೊಂದು ಮೀನು ಹಾಕಿಕೊಂಡಿದ್ದಳು.

ಈಗ ಮದುವೆ. ಕೊಡವರ ಮುಹೂರ್ತದಲ್ಲಿ ಹೆಣ್ಣು ಮುಕ್ಕಾಲಿಯ ಮೇಲೆ ಕೂತಿರಬೇಕು. ಬಂದವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಹರಸಿ, ಕೊಕ್ಕಿನಂಥ ಮೂತಿಯ ಕಿಂಡಿ ಎಂಬ ಚೊಂಬಿನಿಂದ ಅವಳಿಗೆ ಹಾಲು ಕುಡಿಸುತ್ತಾರೆ. ಮೊದಲು ಹೆತ್ತವಳು, ಆಮೇಲೆ ನಂಟರು, ಆಮೇಲೆ ಊರು.

ಮದುವಣಗಿತ್ತಿಯ ಪಕ್ಕ ಬಿಡದೆ ನಿಲ್ಲುವ ಬೋಜಕಾರ್ತಿಯಾಗಿ ಬಂದವಳು ಅಪ್ಪನ ತಂಗಿ ಮುತ್ತಮ್ಮ ಮಾವಿ. ಬಂದವಳೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು: "ನನಗೆ ಸಕ್ಕರೆ ಕಾಯಿಲೆ! ಕಾಫಿಗೆ ಬೆಲ್ಲ ಹಾಕಿದವರ ಕೈ ಮುರೀತೀನಿ. ಕಡಂಬುಟ್ಟಿನ ಉಂಡೆ ಒಂದೇ ಸಾಕು, ಸೊಪ್ಪಿನ ಪಲ್ಯ ಜಾಸ್ತಿ ಇರಲಿ!"

"ಆಯ್ತಕ್ಕ, ಆಯ್ತು," ಎಂದು ಒಳಗಿನವರು ಓಡಾಡಿದರು.

ಮಾವಿಯ ಕಾಯಿಲೆಗೆ ಎಷ್ಟು ಮರ್ಯಾದೆ ಎಂದುಕೊಂಡಳು ಬೋಜಮ್ಮ. ಅದಕ್ಕೆ ಹೆಸರಿದೆ, ಔಷಧಿಯಿದೆ. ನನ್ನದಕ್ಕೆ ಹೆಸರೂ ಇಲ್ಲ. ಹೇಳಿದರೆ ಸೊಕ್ಕು ಅಂತಾರೆ.

"ಮಾವಿ, ಆ ಹಾಲು ಎಲ್ಲರೂ ಕೊಟ್ಟದ್ದನ್ನೂ ಕುಡೀಬೇಕಾ?" ಎಂದು ಮೆಲ್ಲಗೆ ಕೇಳಿದಳು.

"ಕುಡಿದರೆ ಸಂಜೆಗೆ ಕರು ಆಗ್ತೀಯ. ತುಟಿ ತಾಗಿಸು, ಸಾಕು. ಯಾರು ಅಳೆಯೋಕೆ ಬರ್ತಾರೆ?"

ಅಳೆಯುವವಳು ಯಾರೆಂದು ಬೋಜಮ್ಮನಿಗೆ ಗೊತ್ತಿತ್ತು. ಮದುವೆಯ ಬೆಳಿಗ್ಗೆಯೇ ಅವ್ವ ಲೋಟ ತುಂಬಾ ಹಾಲು ತಂದು, ಅಷ್ಟು ಕೆಲಸದ ನಡುವೆಯೂ ಎದುರಿಗೇ ನಿಂತು ಕುಡಿಸಿದಳು. ದಾಸವಾಳದ ಬಳಿ ಹೋಗಲು ಕೆಂಪು ಸೀರೆ, ಒಡವೆ, ನಂಟರ ಕಣ್ಣು ಯಾವುದೂ ಬಿಡಲಿಲ್ಲ.

ಮುಕ್ಕಾಲಿಯ ಮೇಲೆ ಕೂರುವ ಹೊತ್ತಿಗೆ ಹೊಟ್ಟೆಯಲ್ಲಿ ಗುಡುಗುಡು ಶುರುವಾಗಿತ್ತು. ಹಣೆ ಬೆವರಿತು. ಸಾಲು ನಡುಮನೆ ದಾಟಿ ಅಂಗಳಕ್ಕಿಳಿದಿತ್ತು.

"ನೋಡು, ಹುಡುಗಿ ಹೇಗೆ ಬೆವರ್ತಾಳೆ!" ಎಂದಳು ಸಾಲಿನಲ್ಲಿದ್ದ ಒಬ್ಬಳು. "ಕಾಡಂಚಿನ ಕುಟ್ಟ ಊರಿನ ಗಂಡು ಅಂದ್ರೆ ಅಷ್ಟು ಭಯವಾ?"

"ಗಂಡಿಗಲ್ಲ, ಅಲ್ಲಿನ ಆನೆಗೆ," ಎಂದಳು ಇನ್ನೊಬ್ಬಳು. ನಗು ಎದ್ದಿತು.

ಅವ್ವ ಅಕ್ಕಿ ಹಾಕಿ ಹರಸಿ ಕಿಂಡಿ ಎತ್ತಿದಳು. ಬೋಜಮ್ಮ ತುಟಿ ಬಿಗಿದು ಅದರ ಮೂತಿಗೆ ತಾಗಿಸಿದಳು, ಅಷ್ಟೆ. ಕಿಂಡಿ ಹಿಂದೆ ಸರಿಯಲಿಲ್ಲ.

"ಬಾಯಿ ತೆಗಿ, ಕುಂಞಿ. ನುಂಗು," ಎಂದು ಪಿಸುಗುಟ್ಟಿದಳು ಅವ್ವ. "ನಾಳೆಯಿಂದ ನಿನಗೆ ಹಾಲು ಕೊಡೋಕೆ ನಾನಿರಲ್ಲ. ನೀನೂ ಅಜ್ಜಿ ಹಾಗೆ ಮಂಚ ಹಿಡಿದರೆ ನಾನು ನೋಡಲಾರೆ."

ಅವ್ವನ ಹಠವೆಂದುಕೊಂಡಿದ್ದು ಇಷ್ಟು ದಿನವೂ ಹೆದರಿಕೆಯಾಗಿತ್ತೆಂದು ಬೋಜಮ್ಮನಿಗೆ ಆಗ ತಿಳಿಯಿತು. ಅವ್ವನ ಬೆನ್ನ ಹಿಂದೆ ಸಾಲು ಕಾಯುತ್ತಿತ್ತು. ಬೋಜಮ್ಮ ಕೈ ಎತ್ತಿ ಕಿಂಡಿಯ ಮೂತಿಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು.

"ಅವ್ವ," ಎಂದಳು, ಕೊನೆಯಲ್ಲಿ ನಿಂತವರಿಗೂ ಕೇಳುವಂತೆ, "ನನಗೆ ಹಾಲು ಆಗೋದಿಲ್ಲ."