ಸೀಡಿಯ ನಟ್ಟನಡುವೆ ಕದಿರಮ್ಮ

ವರಲಕ್ಷ್ಮಿಯ ಮನೆಗೆ ಹೊಸ ಪ್ರಿಂಟರ್ ಬಂದು ಇನ್ನೂ ವಾರವಾಗಿರಲಿಲ್ಲ, ಅಷ್ಟರಲ್ಲಿ ಗೌರಿಬಿದನೂರಿನ ಆ ಬೀದಿಯ ಅರ್ಧ ಜನ ಅದನ್ನು ನೋಡಿಕೊಂಡು ಹೋಗಿದ್ದರು. ಕಾಗದಕ್ಕೆ ಅಚ್ಚು ಹಾಕುವುದನ್ನು ಎಲ್ಲರೂ ಕಂಡವರೇ. ಇದು ಸೀಡಿಯ ಮೈಮೇಲೆಯೇ ಚಿತ್ರ ಬಿಡಿಸುತ್ತಿತ್ತು. ಬೆಳ್ಳಗಿನ ಸೀಡಿಯೊಂದನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರಿಸಿ ಬಾಯಿಗೆ ಕೊಟ್ಟರೆ ಸಾಕು, ಗೊರಗೊರ ಅನ್ನುತ್ತ ಒಳಗೆಳೆದುಕೊಂಡು, ಒಂದೆರಡು ನಿಮಿಷಕ್ಕೆ ಬಣ್ಣ ಬಳಿದು ಹೊರಗೆ ತಳ್ಳುತ್ತಿತ್ತು. ಮೊದಲ ದಿನ ಅವಳು ಹಾಕಿದ್ದು ಒಂದು ಸೇವಂತಿಗೆ ಹೂವು. ಹೂವಿನ ನಡುವೆ ತೂತಿದ್ದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಬಂದವರೆಲ್ಲ ಭೇಷ್ ಅಂದರು, ಅವಳೂ ತಾನು ಎಲ್ಲ ಕಲಿತುಬಿಟ್ಟೆ ಅಂದುಕೊಂಡಳು. ಗಂಡ ಗಂಗಾಧರ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವನು. ತಾನು ಮಲಗಿದ್ದಾಗ ಅದರ ಸದ್ದು ಕೇಳಿಸಬಾರದು ಅನ್ನುವುದೊಂದೇ ಅವನ ಷರತ್ತು.

ಮೊದಲ ದೊಡ್ಡ ಕೆಲಸ ತವರಿನದೇ. ತಮ್ಮ ವೇಣುಗೋಪಾಲನ ಮದುವೆಯ ಸೀಡಿ, ನೆಂಟರಿಷ್ಟರಿಗೆ ಹಂಚಲು ಇಪ್ಪತ್ತೈದು. ಅಸಲಿಗೆ ಅದು ಡೀವೀಡಿ. ಆದರೆ ನಮ್ಮ ಕಡೆ ದುಂಡಗೆ ಹೊಳೆಯುವುದೆಲ್ಲ ಸೀಡಿಯೇ.

ಈ ಕೆಲಸಕ್ಕೆ ಮೇಸ್ತ್ರಿ ಅವಳ ಅಪ್ಪ ವೆಂಕಟರಾಮಪ್ಪ. ತಾಲ್ಲೂಕು ಕಚೇರಿಯಿಂದ ನಿವೃತ್ತನಾಗಿ ಪಕ್ಕದ ಬೀದಿಯಲ್ಲೇ ಇದ್ದ ಅವನಿಗೆ ಈ ಸೀಡಿಯಲ್ಲಿ ಬೇಕಾಗಿದ್ದದ್ದು ಒಂದೇ ಒಂದು: ಅಕ್ಕ ಕದಿರಮ್ಮ ನಡುವೆ ಇರಬೇಕು. ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಅವನು ಮನೆ ಕಟ್ಟಿಸಿದಾಗ, ವಿದುರಾಶ್ವತ್ಥದಲ್ಲಿರುವ ಅಕ್ಕನನ್ನು ಅರಿಶಿನ ಕುಂಕುಮ ಕೊಟ್ಟು ಕರೆಯಲು ತಾನೇ ಹೋಗುವುದು ಬಿಟ್ಟು, ಆ ಕಡೆ ಹೊರಟಿದ್ದ ಯಾರದೋ ಕೈಯಲ್ಲಿ ಕಾಗದ ಕಳಿಸಿದ್ದ. ಪುರುಸೊತ್ತಿರಲಿಲ್ಲ, ಅಷ್ಟೇ. ಕದಿರಮ್ಮ ಗೃಹಪ್ರವೇಶಕ್ಕೆ ಬರಲಿಲ್ಲ. ಆಮೇಲೆ ಯಾವುದಕ್ಕೂ ಬರಲಿಲ್ಲ. ಈ ಸಲ ಮಗನ ಮದುವೆಗೆ ವೆಂಕಟರಾಮಪ್ಪ ಮೂರು ಸಲ ಹೋಗಿ ಕರೆದ. ಮೂರನೇ ಸಲ ಅಕ್ಕ ಹ್ಞೂಂ ಅಂದಳು. ಛತ್ರದಲ್ಲಿ ಮನೆಮಂದಿಯ ಫೋಟೋ ತೆಗೆಯುವಾಗ ಅವಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತಿದ್ದ. ಆ ಫೋಟೋವೇ ಈಗ ಸೀಡಿಯ ಮೇಲೆ ಬರಬೇಕಾಗಿತ್ತು.

"ಒಂಚೂರು ಎಡಕ್ಕೆ ತಗೋಮ್ಮಾ. ಇನ್ನೊಂಚೂರು ಮೇಲಕ್ಕೆ. ಹಾಂ, ನಿಲ್ಸು! ಈಗ ಅಕ್ಕ ನಟ್ಟನಡುವೆ ಬಂದ್ಳು," ಅಂದ ವೆಂಕಟರಾಮಪ್ಪ, ಕಂಪ್ಯೂಟರಿಗೆ ಮೂಗು ತಾಗಿಸಿಕೊಂಡು. ಕದಿರಮ್ಮನ ಮುಖದ ಸುತ್ತ ಒಂದು ತೆಳು ಗೆರೆ ಕಾಣುತ್ತಿತ್ತು. "ಇದೇನಮ್ಮಾ, ಬಳೆ ಇದ್ದಂಗದೆ?"

"ಡಿಸೈನ್ ಇರ್ಬೇಕು ಕಣಪ್ಪಾ."

"ಚೆನ್ನಾಗದೆ ಬಿಡು. ದೇವ್ರಿಗೆ ಪ್ರಭಾವಳಿ ಇಟ್ಟಂಗದೆ."

ಮೊದಲು ಕಾಗದದ ಮೇಲೆ ಹಾಕಿ ನೋಡಿ ಎಂದು ಪ್ರಿಂಟರಿನ ಜೊತೆ ಬಂದ ಪುಸ್ತಕ ಹೇಳಿತ್ತು. ವರಲಕ್ಷ್ಮಿ ಹಾಗೇ ಮಾಡಿದಳು. ಕಾಗದದಲ್ಲಿ ಎಲ್ಲರೂ ಬಂದರು, ಕದಿರಮ್ಮನಂತೂ ಮೂಗುಬೊಟ್ಟಿನ ಸಮೇತ ಬಂದಳು. ಕಾಗದಕ್ಕೆ ತೂತು ಎಲ್ಲಿಂದ ಬರಬೇಕು? ಅಪ್ಪ ಮಗಳು ಇಬ್ಬರೂ ಖುಷಿಯಾಗಿ ಮೊದಲ ಸೀಡಿಯನ್ನು ತಟ್ಟೆಗಿಟ್ಟರು. ಅದೇ ಹೊತ್ತಿಗೆ ಒಳಗೆ ಕುಕ್ಕರ್ ಮೂರನೇ ಸಲ ಕೂಗಿತು. ಅವಳು ಎದ್ದು ಹೋದಳು.

ಮನೆಯಲ್ಲಿ ಹೊಸದೇನೇ ಆಗಲಿ, ಮೊದಲನೆಯದು ಆ ಮನೆಯಿಂದ ಕೊಟ್ಟ ಹೆಣ್ಣುಮಗಳಿಗೆ ಹೋಗಬೇಕು. ಬೆಲ್ಲ ಆದರೂ ಅಷ್ಟೇ, ಬಟ್ಟೆ ಆದರೂ ಅಷ್ಟೇ. ಒಂದು ಸಲ ತಪ್ಪಿ ಹನ್ನೊಂದು ವರ್ಷ ಅನುಭವಿಸಿದ್ದ ವೆಂಕಟರಾಮಪ್ಪ ಈ ಸಲ ತಪ್ಪುವವನಲ್ಲ. ತಟ್ಟೆ ಹೊರಗೆ ಬಂದ ಕೂಡಲೇ, ಮಗಳು ಹೇಳಿಕೊಟ್ಟಂತೆ ಅಂಚು ಹಿಡಿದು ಸೀಡಿ ತೆಗೆದ, ಉಫ್ ಉಫ್ ಎಂದು ಊದಿದ, ಕವರಿಗೆ ಹಾಕಿದ. ಕನ್ನಡಕ ಅವನ ಮನೆಯಲ್ಲೇ ಉಳಿದಿತ್ತು. ಅವನ ಕಣ್ಣಿಗೆ ಕಂಡಿದ್ದು ಬರೀ ಬಣ್ಣ. ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣದ ಜೊತೆ ಅದನ್ನೂ ಚೀಲಕ್ಕಿಳಿಸಿ, "ಬಸ್ ಹೊರಡುತ್ತೆ, ಬರ್ತೀನಮ್ಮಾ!" ಎಂದು ಕೂಗಿ ನಡೆದೇಬಿಟ್ಟ.

ವರಲಕ್ಷ್ಮಿ ಬಂದು ಎರಡನೇ ಸೀಡಿ ಹಾಕಿದಳು. ಅದು ಹೊರಗೆ ಬಂದಾಗ ಬಗ್ಗಿ ನೋಡಿದಳು. ಎಲ್ಲರೂ ನಗುತ್ತ ಕೂತಿದ್ದಾರೆ, ನಡುವಿನ ಕುರ್ಚಿಯಲ್ಲಿ ಹಸಿರು ರೇಷ್ಮೆ ಸೀರೆ ಇದೆ, ಸೀರೆಯ ಮೇಲೆ ಮುಖವಿಲ್ಲ, ಸೀಡಿಯ ತೂತಿದೆ. ಸೀಡಿ ಎತ್ತಿದರೆ ತಟ್ಟೆಯ ನಡುವಿನ ಗುಬುಟಿನ ಮೇಲೆ ಸೋದರತ್ತೆಯ ಕುಂಕುಮ ಹಸಿಹಸಿಯಾಗಿ ಮೆತ್ತಿಕೊಂಡಿತ್ತು. ಅಪ್ಪನ ಮೊಬೈಲಿಗೆ ಹೊಡೆದಳು. ಅದು ಪಕ್ಕದ ಬೀದಿಯಲ್ಲಿ ಚಾರ್ಜಿಗಿತ್ತು.

ಸಂಜೆ ವೆಂಕಟರಾಮಪ್ಪ ಮೀಸೆಯೊಳಗೇ ನಗುತ್ತ ಬಂದ. ಅಕ್ಕ ಒಬ್ಬಟ್ಟು ಹಾಕಿದ್ದಳು, ಬೇಡಬೇಡ ಅಂದರೂ ಇನ್ನೊಂದು ಹಾಕಿದ್ದಳು, ತಾಂಬೂಲವನ್ನು ಕವರಿನ ಸಮೇತ ದೇವರ ಮುಂದೆ ಇಟ್ಟಿದ್ದಳು. ವರಲಕ್ಷ್ಮಿ ಎರಡನೇ ಸೀಡಿಯನ್ನೂ ಅವನ ಮನೆಯಿಂದ ತಂದಿಟ್ಟಿದ್ದ ಕನ್ನಡಕವನ್ನೂ ಅವನ ಕೈಗೆ ಕೊಟ್ಟಳು. ಅವನು ನೋಡಿದ. ಅಲ್ಲೇ ಗೋಡೆಗೊರಗಿ ಕೂತ.

"ಹನ್ನೊಂದು ವರ್ಷ ಕಣಮ್ಮಾ," ಅಂದ. ಆಮೇಲೆ ಕಾಫಿಯನ್ನೂ ಮುಟ್ಟಲಿಲ್ಲ. ವರಲಕ್ಷ್ಮಿ ಆ ಯಂತ್ರವನ್ನು ತಂದ ಗಳಿಗೆಗೆ ಮನಸ್ಸಿನಲ್ಲೇ ಶಾಪ ಹಾಕಿದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕದಿರಮ್ಮ ಬಂದಿಳಿದಳು. ತಮ್ಮನು ಮಗಳ ಮನೆಯಲ್ಲಿದ್ದಾನೆಂದು ತಿಳಿದು ನೇರ ಅಲ್ಲಿಗೇ ಬಂದಳು. ಎಪ್ಪತ್ತರ ಹತ್ತಿರದ ಜೀವ, ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಗಂಟಲು ಮಾತ್ರ ಇನ್ನೂ ಗಟ್ಟಿ. ಹೊಸಿಲಿನ ಆಚೆಯೇ ನಿಂತು, ಸೆರಗಿನೊಳಗಿಂದ ಸೀಡಿ ತೆಗೆದಳು. ಅವಳಿಗೆ ಸಿಟ್ಟು ಬಂದರೆ ಮಾತು ತೆಲುಗಿನಿಂದಲೇ ಶುರುವಾಗುತ್ತಿತ್ತು.

"ಏಮಿರಾ ರಾಮಪ್ಪಾ! ಎಲ್ಲಾರೂ ಅವ್ರೆ ಇದ್ರಾಗೆ. ನಿನ್ನ ಹೆಂಡ್ತಿ ಅವ್ಳೆ, ಬೀಗರವ್ರೆ, ಬೀಗರ ಮನೆ ಕೂಸು ಬೆರಳು ಚೀಪ್ಕೊಂಡು ಕೂತದೆ. ನಾನೆಲ್ಲೋ? ಮೂರು ಸಲ ಬಂದು ಕರ್ದು, ನಡುವೆ ಕುರ್ಚಿ ಹಾಕಿ ಕೂರ್ಸಿ, ಆಮೇಲೆ ತೂತು ಕೊರ್ದೇನೋ?"

"ಅಕ್ಕಾ, ಬೇಕೂಂತ ಮಾಡಿಲ್ಲ..."

"ಆವತ್ತೂ ಹಂಗೇ ಅಂದೆ."

ವರಲಕ್ಷ್ಮಿ ನಡುವೆ ಬಂದು ಅತ್ತೆಯ ಕೈ ಹಿಡಿದಳು. "ತಪ್ಪು ನಂದು ಅತ್ತೆ. ಒಳಗೆ ಬನ್ನಿ, ನಿಮ್ಮೆದುರಿಗೇ ಇನ್ನೊಂದು ಮಾಡ್ಕೊಡ್ತೀನಿ." ಸಿಟ್ಟು ಎಷ್ಟೇ ಇರಲಿ, ತನ್ನ ಮುಖ ನುಂಗಿದ ಯಂತ್ರ ಯಾವುದು ಎಂದು ನೋಡುವ ಆಸೆ ಯಾರಿಗಿರುವುದಿಲ್ಲ? ಕದಿರಮ್ಮ ಒಳಗೆ ಬಂದು ಕಂಪ್ಯೂಟರಿನ ಮುಂದೆ ಠೀವಿಯಿಂದ ಕೂತಳು.

ವರಲಕ್ಷ್ಮಿ ಫೋಟೋವನ್ನು ಚಿಕ್ಕದು ಮಾಡಿ ತೂತಿನ ಮೇಲಕ್ಕೆ ಏರಿಸಿದಳು. ಮುಖಗಳೆಲ್ಲ ಸಾಸಿವೆ ಕಾಳಾದವು. "ನನ್ನ ಕಣ್ಣಿಗೆ ಇದ್ರಾಗೆ ನನ್ನ ನಾನೇ ಹುಡುಕ್ಬೇಕೇನಮ್ಮಾ?" ಅಂದಳು ಅತ್ತೆ. ಮತ್ತೆ ದೊಡ್ಡದು ಮಾಡಿ ಬಲಕ್ಕೆ ಎಳೆದಳು. ಮದುಮಗಳ ಹಣೆ ತೂತಿಗೆ ಬಂತು. "ಥೂ, ಬಿಡ್ತು ಅನ್ನು! ಹೊಸ ಹುಡುಗಿ!" ಇನ್ನಷ್ಟು ಎಳೆದರೆ ವೇಣುಗೋಪಾಲ. ಅವನೂ ಬೇಡ. ಬೀಗಿತ್ತಿಯನ್ನು ತೂತಿಗೆ ಹಾಕಿದರೆ ಇನ್ನೊಂದು ಹನ್ನೊಂದು ವರ್ಷ ಶುರುವಾಗುತ್ತದೆ. ವರಲಕ್ಷ್ಮಿ ಕೈಚೆಲ್ಲಿ ಕೂತಳು.

"ಎಡಕ್ಕೆ ತಗೋಮ್ಮಾ," ಹಿಂದಿನಿಂದ ಅಪ್ಪನ ದನಿ ಬಂತು. "ಅಕ್ಕನ ಪಕ್ಕದಾಗೆ ನಾನಿದ್ದೀನಲ್ಲ. ತೂತು ನನ್ನ ಮೇಲೆ ಬರ್ಲಿ."

"ಅಪ್ಪಾ, ಮಗನ ಮದುವೆ ಸೀಡೀಲಿ ನೀನೇ ಇಲ್ದಿದ್ರೆ..."

"ಹನ್ನೊಂದು ವರ್ಷ ಅಕ್ಕನ ಕಣ್ಣಿಗೆ ಬೀಳ್ದೇ ಇದ್ದೋನು ನಾನು. ಸೀಡೀಲಿ ಕಾಣ್ದಿದ್ರೆ ಏನು ಗಂಟು ಹೋಗುತ್ತೆ? ಹಾಕಮ್ಮಾ."

ಕದಿರಮ್ಮ ತಿರುಗಿ ತಮ್ಮನನ್ನು ನೋಡಿದಳು. ವರಲಕ್ಷ್ಮಿ ಫೋಟೋ ಎಳೆದು ಕೂರಿಸಿದಳು. ಆ ಎಳೆದಾಟದಲ್ಲಿ ಅಂಚಿಗೆ ನಿಂತಿದ್ದ ಗಂಗಾಧರನ ಒಂದು ಕಿವಿ ಹಾರಿಹೋಯಿತು. ಅವನು ಡ್ಯೂಟಿಯಲ್ಲಿದ್ದುದರಿಂದ ಕೇಳುವವರು ಯಾರೂ ಇರಲಿಲ್ಲ.

ತಟ್ಟೆ ಒಳಗೆ ಹೋಯಿತು, ಗೊರಗೊರ ಎಂದಿತು, ಹೊರಗೆ ಬಂತು. ಈ ಸಲ ವರಲಕ್ಷ್ಮಿ ಅದನ್ನು ಫ್ಯಾನಿನ ಕೆಳಗೆ ಆರಿಸಿಯೇ ಅತ್ತೆಯ ಕೈಗೆ ಕೊಟ್ಟಳು. ಕದಿರಮ್ಮನ ಮುಖ ತುಂಬಾ ಚೆನ್ನಾಗಿ ಬಂದಿತ್ತು. ಪಕ್ಕದ ಕುರ್ಚಿಯಲ್ಲಿ ಬಿಳಿ ಪಂಚೆ, ಜರಿ ಶಲ್ಯ, ತೊಡೆಯ ಮೇಲಿಟ್ಟ ಎರಡು ಕೈ. ಮೇಲೆ ಮುಖದ ಜಾಗದಲ್ಲಿ ತೂತು. ಮುದುಕಿ ತನ್ನ ಮುಖವನ್ನು ಒಂದು ಗಳಿಗೆ ನೋಡಿದಳು, ತೂತನ್ನು ಬಹಳ ಹೊತ್ತು ನೋಡಿದಳು.

"ಲೋ, ಇಲ್ಲಿ ಬಾ. ಎದುರಿಗೆ ನಿಂತ್ಕೋ. ಅಲ್ಲಾಡ್ಬೇಡ."

ವೆಂಕಟರಾಮಪ್ಪ ಹೋಗಿ ನಿಂತ. ಕದಿರಮ್ಮ ಸೀಡಿಯನ್ನು ಎತ್ತಿ ಹಿಡಿದು, ಆಪರೇಷನ್ ಆಗದ ಕಣ್ಣು ಮುಚ್ಚಿಕೊಂಡು, ಹಿಂದೆ ಮುಂದೆ ಸರಿಸುತ್ತ ತಮ್ಮನ ಮುಖವನ್ನು ಸರಿಯಾಗಿ ತೂತಿಗೆ ತಂದುಕೊಂಡಳು. ಅವನು ಉಸಿರು ಬಿಗಿಹಿಡಿದು ನಿಂತೇ ಇದ್ದ. ಅವನ ಕಣ್ಣು ತುಂಬಿತ್ತು.

"ಹಾಂ, ಸರಿಹೋಯ್ತು," ಅಂದಳು. "ಇದೇ ಇರ್ಲಿ ನಂಗೆ. ಪೂರ್ತಿ ಫೋಟೋ ನೋಡ್ಬೇಕು ಅನ್ಸಿದಾಗ ಹೇಳಿ ಕಳಿಸ್ತೀನಿ, ನೀನೇ ಬಂದು ಹಿಂಗೆ ನಿಂತ್ಕೋ."