ತಲೆಕೆಳಗಾಗಿ ಗೆದ್ದ ಗೊಂಬೆ

ನಾನು ಕೊಬ್ಬಿನ ಅಣು. ನಿಜವಾದದ್ದಲ್ಲ, ಮರದ್ದು. ಚನ್ನಪಟ್ಟಣದ ಜಬ್ಬಾರ್ ಸಾಹೇಬರ ಲೇತಿನ ಮೇಲೆ ಹುಟ್ಟಿದವನು. ಗುಂಡು ತಲೆ, ಅದರಡಿ ಎರಡು ಕಡ್ಡಿಕಾಲು. ತಲೆಗೆ ಕೆಂಪು ಅರಗು ಹತ್ತಿದಾಗ ನಾನು ಎಷ್ಟು ಬೀಗಿದೆನೆಂದು ಕೇಳಬೇಡಿ!

ನಮ್ಮನ್ನು ಮಾಡಿಸಿದವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಜಯಶೀಲಾ ಮೇಡಂ. ಅಲ್ಲಿ ಸೇರಲು ಬಂದ ಹೇಮಾವತಿಗೆ ಹುಟ್ಟಿನಿಂದ ಕಣ್ಣು ಕಾಣದು; ಆದರೂ ವಿಜ್ಞಾನವೇ ಬೇಕೆಂಬ ಹಟ. ಪ್ರಿನ್ಸಿಪಾಲ್ ಬೋರೇಗೌಡರು, "ಸೋಮವಾರ ನನ್ನೆದುರು ಜೀವಕೋಶದ ಪೊರೆ ವಿವರಿಸ್ಲಿ. ಆಗ್ಲಿಲ್ವೋ, ಆರ್ಟ್ಸೇ ಗತಿ" ಎಂದುಬಿಟ್ಟಿದ್ದರು. ಪಾಠವನ್ನು ಮೇಡಂ ಬಾಯಲ್ಲಿ ಹೇಳಿಕೊಟ್ಟಿದ್ದರು; ಮುಟ್ಟಿ ತೋರಿಸಲು ಮಾತ್ರ ನಾವು ಬೇಕಿದ್ದೆವು.

ಪೊರೆಯೆಂದರೆ ನಮ್ಮಂಥ ಅಣುಗಳ ಎರಡು ಸಾಲು. ಅದಕ್ಕೇ ಹಲಗೆಯಲ್ಲಿ ಎರಡು ಉದ್ದ ಹಳ್ಳ ಕೊರೆಯಬೇಕು, ಒಂದೊಂದರಲ್ಲಿ ನಾವು ಹತ್ತು ಮಂದಿ ಮಲಗಬೇಕು, ಪಕ್ಕಕ್ಕೆ ಸರಾಗವಾಗಿ ಜಾರಬೇಕು. ಮೇಲಿನ ಸಾಲಿನ ತಲೆ ಮೇಲಕ್ಕೆ, ಕೆಳಗಿನ ಸಾಲಿನದು ಕೆಳಕ್ಕೆ, ಕಾಲುಗಳೆಲ್ಲ ನಡುವೆ ಎದುರುಬದುರು. ಮೇಡಂ ಚಿತ್ರವನ್ನೂ ಬರೆದುಕೊಟ್ಟಿದ್ದರು. ಸಾಹೇಬರಿಗೆ ಅದು ಸರಿಬರಲಿಲ್ಲ.

"ಪಾಪ, ಅವಸರದಲ್ಲಿ ತಪ್ಪು ಬರ್ದವ್ರೆ. ಗೊಂಬೇನ ಯಾರಾದ್ರೂ ತಲೆಕೆಳಗಾಗಿ ಮಲಗಿಸ್ತಾರಾ?"

ನಲವತ್ತು ವರ್ಷ ಗೊಂಬೆ ಮಾಡಿದ ಕೈ, ಸುಮ್ಮನಿರುತ್ತದೆಯೇ? ಕೆಳಗಿನ ಹತ್ತೂ ಮಂದಿಯನ್ನು 'ನೆಟ್ಟಗೆ' ಮಾಡಿ ಪೆಟ್ಟಿಗೆ ಕಟ್ಟಿಸಿದರು. ನನ್ನ ತಲೆ ಮೇಲಿನವನ ಕಾಲಿಗೆ ತಾಗಿಕೊಂಡಿತ್ತು. ಥೂ!

ಪೆಟ್ಟಿಗೆ ಬಿಚ್ಚಿದ್ದು ಸೋಮವಾರ, ಪ್ರಿನ್ಸಿಪಾಲರ ಮೇಜಿನ ಮೇಲೆಯೇ. ನೋಡಿದ್ದೇ ತಡ, ಮೇಡಂ ಮುಖ ಬಿಳಿಚಿತು. "ಸರ್, ಇದು..."

"ನೀವು ಬಾಯಿ ಬಿಡಬೇಡಿ. ಹುಡುಗಿ ಹೇಳ್ಲಿ."

ಹೇಮಾವತಿಯ ಬೆರಳು ಮೇಲಿನ ಸಾಲು ದಾಟಿ ನಮ್ಮ ಸಾಲಿಗೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

"ಯಾಕಮ್ಮ, ಗೊತ್ತಾಗ್ತಿಲ್ವಾ?"

"ಗೊತ್ತಾಯ್ತು ಸಾರ್. ಈ ಪೊರೆ ಒಂದು ಗಳಿಗೇನೂ ಉಳಿಯಲ್ಲ. ಕೋಶದ ಒಳಗೂ ನೀರು, ಹೊರಗೂ ನೀರು. ತಲೆಗೆ ನೀರು ಬೇಕು, ಕಾಲಿಗೆ ನೀರಂದ್ರೆ ಆಗಲ್ಲ. ಕೆಳಗಿನೋರು ಕಾಲನ್ನೇ ನೀರಿಗೆ ಇಳಿಬಿಟ್ಟವ್ರೆ."

ಹೇಳುತ್ತಲೇ ಹತ್ತೂ ಮಂದಿಯನ್ನು ತಿರುಗಿಸಿಟ್ಟಳು. ಆಮೇಲೆ ನನ್ನೊಬ್ಬನನ್ನೇ ಮತ್ತೆ ಎತ್ತಿಕೊಂಡಳು.

"ಪಕ್ಕಕ್ಕೆ ಜಾರೋದು ಸಲೀಸು ಸಾರ್. ಈ ಸಾಲಿಂದ ಆ ಸಾಲಿಗೆ ದಾಟೋದೇ ಕಷ್ಟ. ನೀರು ಬೇಕನ್ನೋ ತಲೆ ನಡುವಿನ ಕಾಲುಗಳ ಜಿಡ್ಡನ್ನ ಹಾದು ಹೋಗ್ಬೇಕಲ್ಲ? ಅದಕ್ಕೇ ಅಂತ ಪ್ರೋಟೀನುಗಳವೆ. ಶಕ್ತಿ ಖರ್ಚು ಮಾಡಿ ದಾಟಿಸ್ತವೆ. ಈಗ ನನ್ ಕೈಯೇ ಆ ಪ್ರೋಟೀನು."

ನನ್ನನ್ನು ತಿರುಗಿಸಿ ಮೇಲಿನ ಸಾಲಿಗೆ ಸೇರಿಸಿದಳು.

ಪ್ರಿನ್ಸಿಪಾಲರು ಬಿಡುವ ಆಸಾಮಿಯಲ್ಲ. "ಯಾವ ಸಾಲಲ್ಲಿದ್ರೇನಂತೆ?"

"ಒಳಸಾಲಲ್ಲೇ, ಅಂದ್ರೆ ಈ ಕೆಳಗಿನ ಸಾಲಲ್ಲೇ, ಇರಬೇಕಾದ ಒಂದು ಜಾತಿ ಅಣುಗಳವೆ ಸಾರ್. ಅವು ಹೊರಗೆ ಮುಖ ತೋರಿಸಿದ್ರೆ, ಈ ಕೋಶದ ಕಥೆ ಮುಗೀತು ಅಂತ ಭಕ್ಷಕ ಕೋಶಗಳು ಬಂದು ನುಂಗಿಬಿಡ್ತವೆ."

ಬೋರೇಗೌಡರು ಪೆನ್ನು ತೆಗೆದರು. "ತಪ್ಪು ಮಾದರಿ ಇಟ್ಕೊಂಡು ಸರಿಯಾದ ಪಾಠ ಮಾಡ್ಬಿಟ್ಟೆ ಕಣಮ್ಮ!" ಎನ್ನುತ್ತ ಅರ್ಜಿಗೆ ಸಹಿ ಹಾಕಿದರು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಖುಷಿಗೆ ನನಗೆ ಕುಣಿಯುವಂತಾಯಿತು. ಏನು ಮಾಡಲಿ, ಕಾಲು ಕಡ್ಡಿಯದು.

ಈಗ ನನಗೆ ವಯಸ್ಸಾಗಿದೆ. ಅರಗು ಸವೆದು ತಲೆ ಬೋಳಾಗಿದೆ, ಒಂದು ಕಾಲು ಸೀಳಿದೆ. ವರ್ಷವೆಲ್ಲ ಕಪಾಟಿನಲ್ಲಿ ತೂಕಡಿಸುತ್ತೇನೆ. ಜೂನ್ ಬಂತೆಂದರೆ ಮಾತ್ರ ಹೊಸ ಮಕ್ಕಳ ಮುಂದೆ ನಮ್ಮ ಮೆರವಣಿಗೆ. ನಮ್ಮನ್ನು ಮೇಜಿನ ಮೇಲಿಟ್ಟು, "ಎಲ್ರೂ ಕಣ್ಮುಚ್ಚಿ, ಮುಟ್ಟಿ ಹೇಳಿ" ಎನ್ನುತ್ತಾರೆ ಲೆಕ್ಚರರ್ ಹೇಮಾವತಿ ಮೇಡಂ.