ಅಂಚಿನಲ್ಲಿದ್ದ ನಂಬರು

ಇತಿಹಾಸ ಸಂಘದವರು ಶನಿವಾರ ಬೆಳಗಿನ ತರಗತಿಗೆ ‘ವಯಸ್ಕರಿಗಾಗಿ ಹಳೆಯ ಕೈಬರಹ ಓದುವ ಅಭ್ಯಾಸ’ ಎಂದು ಹೆಸರಿಟ್ಟಿದ್ದರು. ಸೇರಿದವರು ವಯಸ್ಕರು ಎಂದು ಬೇರೆ ಹೇಳಬೇಕಾಗಿರಲಿಲ್ಲ. ಒಂಬತ್ತು ಜನರಲ್ಲಿ ಏಳು ಜನಕ್ಕೆ ಮೊಣಕಾಲು ನೋವು, ಉಳಿದಿಬ್ಬರಿಗೆ ಅದನ್ನು ಒಪ್ಪಿಕೊಳ್ಳುವುದಕ್ಕೆ ಜಂಬ. ಕಲಿಸುತ್ತಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತಾರು ವರ್ಷ ಊರಿನ ಎಲ್ಲ ಕೆಟ್ಟ ಕೈಬರಹಕ್ಕೂ ಮನೆ ಹುಡುಕಿ ಕೊಟ್ಟವರಿಗೆ ಹಳೇ ದಫ್ತರ ಓದುವುದು ಯಾವ ಮಹಾ ಕೆಲಸ? ಎಲ್ಲರೂ ‘ಮೇಷ್ಟ್ರೇ’ ಎಂದು ಕರೆದರೆ ಮುಖ ಊರಗಲ ಆಗುತ್ತಿತ್ತು.

ಆ ಒಂಬತ್ತರಲ್ಲಿ ಒಬ್ಬಳು ಗೋಂದಕ್ಕ. ಮೂವತ್ತು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ದುಡಿದವಳು. ಬೆರಳಿನ ಗೋಂದು ಹೋದರೂ ಹೆಸರು ಹೋಗಲಿಲ್ಲ. ಊರಿನ ಕಚೇರಿಗಳ ದಫ್ತರಗಳೆಲ್ಲ ಅವಳ ಕೈಯಲ್ಲಿ ಹೊಲಿಗೆ ಹಾಕಿಸಿಕೊಂಡು, ರಟ್ಟು ತೊಟ್ಟು ಹೊರಟವು. ಒಳಗೆ ಏನು ಬರೆದಿದೆ ಎಂದು ಮಾತ್ರ ಅವಳು ಒಂದು ದಿನವೂ ನೋಡಿರಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಅಚ್ಚಿನ ಅಕ್ಷರವಾದರೆ ತಡವರಿಸಿಕೊಂಡು ಓದುತ್ತಿದ್ದಳು. ಗುಮಾಸ್ತರ ಕೈಬರಹವೆಂದರೆ ಅವಳ ಪಾಲಿಗೆ ಇರುವೆ ಸಾಲು. ಅರವತ್ತಮೂರನೇ ವಯಸ್ಸಿನಲ್ಲಿ ಚೀಲದಲ್ಲಿ ನೋಟ್‌ಬುಕ್ಕು ಹಾಕಿಕೊಂಡು ಹೊರಟಾಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ನಗುತ್ತಿದ್ದಳು. “ಏನಮ್ಮಾ, ಹೋಮ್‌ವರ್ಕ್ ಮಾಡಿದ್ಯಾ? ಬೆಂಚ್ ಮೇಲೆ ನಿಲ್ಲಿಸಿದ್ರೆ ನನಗೆ ಫೋನ್ ಮಾಡು.”

ಗೋಂದಕ್ಕನಿಗೆ ಇತಿಹಾಸ ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ನಂಬರು.

ಈ ಮಗಳಿಗಿಂತ ಮೊದಲು ಅವಳಿಗೆ ಇನ್ನೊಂದು ಹೆಣ್ಣುಮಗು ಹುಟ್ಟಿತ್ತು. ಒಂದೇ ದಿನ ಬದುಕಿತ್ತು. ಗೋಂದಕ್ಕ ಜ್ವರದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮೈಮರೆತು ಬಿದ್ದಿದ್ದಾಗ ಗಂಡನೂ ಭಾವನೂ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಅವಳು ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಎಲ್ಲಿ ಎಂದು ಕೇಳಿದರೆ ಗಂಡ, “ಮರೆತುಬಿಡು ಅಂದ್ನಲ್ಲ” ಎನ್ನುತ್ತಿದ್ದ. ಹತ್ತು ವರ್ಷ ಕೇಳಿದಳು, ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ. ಆಮೇಲೆ ಅವಳೂ ಕೇಳುವುದು ಬಿಟ್ಟಳು. ಅವನದು ಕಲ್ಲೆದೆ ಎಂದು ಅವಳು ತಿಳಿದಿದ್ದಳು. ಈಗ ಅನಿಸುತ್ತದೆ, ಬಾಯಿ ಬಿಟ್ಟರೆ ಅಳು ಬರುತ್ತದೆಂಬ ಹೆದರಿಕೆಯೂ ಇದ್ದಿರಬಹುದು. ಇರಲಿ, ಅವನೂ ಹೋದ, ಭಾವನೂ ಹೋದರು. ಸ್ಮಶಾನದಲ್ಲಿ ಮಕ್ಕಳ ಭಾಗವನ್ನು ಎಂದೋ ಸಮ ಮಾಡಿ ಹುಲ್ಲು ಬೆಳೆಸಿದ್ದರು. ಸಾಲಿನ ಕೊನೆಗೆ ನೆಟ್ಟ ನಂಬರಿನ ಕಲ್ಲುಗಳು ಮಾತ್ರ ಇದ್ದವು. ಸಾಲೂ ಗುಂಡಿಯ ನಂಬರೂ ಗೊತ್ತಿದ್ದರೆ ಹೆಜ್ಜೆ ಎಣಿಸಿಕೊಂಡು ಹೋಗಿ ಇಲ್ಲೇ ಎಂದು ನಿಲ್ಲಬಹುದಿತ್ತು. ಸ್ಮಶಾನದ ಹಳೆಯ ದಫ್ತರಗಳು ಇತಿಹಾಸ ಸಂಘಕ್ಕೆ ಹೋದವು ಎಂದು ಪುರಸಭೆ ಕಚೇರಿಯವರು ಹೇಳಿದ್ದೇ ತಡ, ಗೋಂದಕ್ಕ ಬಂದು ತರಗತಿಗೆ ಹೆಸರು ಕೊಟ್ಟಿದ್ದಳು. ಯಾರನ್ನಾದರೂ ಕೇಳಿದ್ದರೆ ಒಂದೇ ದಿನದಲ್ಲಿ ಹುಡುಕಿಕೊಡುತ್ತಿದ್ದರೇನೋ. ಆದರೆ ದಫ್ತರದ ಆ ಸಾಲನ್ನು ಬೇರೆಯವರ ಬಾಯಿಂದ ಕೇಳುವುದು ಅವಳಿಗೆ ಬೇಡವಾಗಿತ್ತು. ಇಷ್ಟು ವರ್ಷ ಎಲ್ಲವನ್ನೂ ಬೇರೆಯವರೇ ಮಾಡಿ ಮುಗಿಸಿದ್ದರು.

ಮೇಷ್ಟ್ರ ಪದ್ಧತಿ ಸುಲಭವಾಗಿತ್ತು. ಇಬ್ಬಿಬ್ಬರ ಜೋಡಿ, ಒಂಟಿಯಾಗಿ ಉಳಿದವರಿಗೆ ಮೇಷ್ಟ್ರೇ ಜೋಡಿ; ಒಬ್ಬರು ಓದಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ವರ್ಷದ ಸರದಿ ಬಿಟ್ಟು ಮುಂದಿನ ಸಂಪುಟಕ್ಕೆ ಕೈಹಾಕುವಂತಿಲ್ಲ. ಗೋಂದಕ್ಕನ ಜೋಡಿ ನಿವೃತ್ತ ನರ್ಸಮ್ಮ. ಡಾಕ್ಟರುಗಳ ಬರಹ ಓದಿ ಪಳಗಿದವಳು, ಬಾಯಿ ತುಂಬ ಮಾತು. ಅವಳೇ ಮೊದಲು ಕಂಡುಹಿಡಿದದ್ದು: ದೊಡ್ಡವರಿಗೆ ಗುಂಡಿಯ ನಂಬರಿನ ಕಾಲಂ ಇದೆ, ಮಕ್ಕಳ ಪುಟಗಳಲ್ಲಿ ಇಲ್ಲ. ಸ್ಮಶಾನದ ಕಾವಲುಗಾರ ಸಾಲೂ ಗುಂಡಿಯೂ ಸೇರಿದ ಒಂದೇ ನಂಬರನ್ನು ಹಾಳೆಯ ಹೊರಗಿನ ತುತ್ತತುದಿಯಲ್ಲಿ ಪೆನ್ಸಿಲ್ಲಿನಿಂದ ಗೀಚಿದ್ದ. “ಪಾಪ, ಕೂಸುಗಳಿಗೆ ಕಾಲಂ ಕೂಡ ಕೊಡ್ಲಿಲ್ಲ ನೋಡು” ಎಂದಿದ್ದಳು ನರ್ಸಮ್ಮ. ಅಂದಿನಿಂದ ಪ್ರತಿ ಪುಟದಲ್ಲೂ ಗೋಂದಕ್ಕನ ಕಣ್ಣು ಮೊದಲು ಅಂಚಿಗೇ ಹೋಗುತ್ತಿತ್ತು.

ಎಂಟು ತಿಂಗಳಾಯಿತು. ಇರುವೆ ಸಾಲುಗಳು ಒಂದೊಂದಾಗಿ ಅಕ್ಷರವಾದವು. ಒಂದು ಶನಿವಾರ ಮೇಷ್ಟ್ರು ಬೀರುವಿನಿಂದ ಮುಂದಿನ ಸಂಪುಟ ತಂದು ಮೇಜಿನ ಮೇಲಿಟ್ಟರು. ಅಷ್ಟು ದಿನ ನೋಡಿದ್ದೆಲ್ಲ ದಾರ ಕಿತ್ತ, ಅಂಚು ಹರಿದ ಕಟ್ಟುಗಳು. ಇದು ಮಾತ್ರ ಕಪ್ಪು ರಟ್ಟಿನಲ್ಲಿ ಗಟ್ಟಿಯಾಗಿ ಕೂತಿತ್ತು, ಬೆನ್ನು ಇನ್ನೂ ನೆಟ್ಟಗಿತ್ತು.

“ಆಹಾ, ಇದ್ಯಾರಪ್ಪ ಕಟ್ಟಿದ್ದು!” ಎಂದರು ಮೇಷ್ಟ್ರು.

ಗೋಂದಕ್ಕ ಎದ್ದು ಬಂದು ರಟ್ಟನ್ನು ಒಂದಿಷ್ಟು ಅಗಲಿಸಿ ಹೊಲಿಗೆ ನೋಡಿದಳು. ಮೂರನೇ ಹೊಲಿಗೆಗೆ ಎರಡೆಳೆ ದಾರ. ಅಂಗಡಿಯಲ್ಲಿ ಹಾಗೆ ಹಾಕುತ್ತಿದ್ದವಳು ಅವಳೊಬ್ಬಳೇ. “ನಂದೇ ಕೆಲಸ ಮೇಷ್ಟ್ರೇ” ಎಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ತರಗತಿ ಅಲ್ಲಿಯವರೆಗೆ ಕಂಡಿರಲಿಲ್ಲ. ಉಳಿದ ಎಂಟು ಜನವೂ ಸುತ್ತ ಸೇರಿದರು. ಯಾರೋ ಚಪ್ಪಾಳೆ ತಟ್ಟಿದರು. ಮೂರು ಕಡೆಯ ಅಂಚು ಬೆಣ್ಣೆ ಕತ್ತರಿಸಿದ ಹಾಗೆ ನುಣ್ಣಗಿತ್ತು. ನರ್ಸಮ್ಮ ಅದರ ಮೇಲೆ ಬೆರಳಾಡಿಸಿ, “ಕೈಯೇ ಕೈ ಕಣೇ ನಿಂದು!” ಎಂದಳು.

ರಟ್ಟಿನ ಮೇಲಿನ ಇಸವಿ ಆಗ ಗೋಂದಕ್ಕನ ಕಣ್ಣಿಗೆ ಬಿತ್ತು. ಅದೇ ವರ್ಷ. ಈ ದಿನ ನಾನು ಓದುತ್ತೇನೆ, ನೀನು ಬರಿ ಎಂದು ನರ್ಸಮ್ಮನಿಗೆ ಹೇಳಿ ಕೂತಳು. ಪುಟ ಮಗುಚಿದಳು. ತಿಂಗಳು ಸಿಕ್ಕಿತು, ತಾರೀಕು ಸಿಕ್ಕಿತು.

“ಹೆಣ್ಣು ಕೂಸು,” ಎಂದು ಓದಿದಳು. “ವಯಸ್ಸು ಒಂದು ದಿನ.” ಮುಂದೆ ಗಂಡನ ಹೆಸರು. ಅದನ್ನೂ ಓದಿದಳು. “ಕಸುಬು, ಬಸ್ ಮೆಕ್ಯಾನಿಕ್.” ತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ಬೆರಳು ಸಾಲಿನ ಉದ್ದಕ್ಕೂ ಸರಿದು ಅಂಚಿಗೆ ಬಂತು. ಅಂಚಿನಲ್ಲಿ ನಂಬರಿರಲಿಲ್ಲ.

“ನಂಬರ್ ಹೇಳು” ಎಂದಳು ನರ್ಸಮ್ಮ, ತಲೆ ಎತ್ತದೆ.

ಗೋಂದಕ್ಕ ಮುಂದಿನ ಪುಟ ನೋಡಿದಳು, ಹಿಂದಿನದು ನೋಡಿದಳು. ಎಲ್ಲ ಪುಟಗಳ ಅಂಚೂ ನುಣ್ಣಗೆ, ಬಿಳಿಯಾಗಿ ಇತ್ತು. ಅವಳ ಸಾಲಿನ ತುದಿಯಲ್ಲಿ ಮಾತ್ರ ಪೆನ್ಸಿಲ್ಲಿನ ಒಂದು ಸಣ್ಣ ಬಾಲ ಉಳಿದಿತ್ತು. ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದರು. “ಮೂರು ಇರಬಹುದು. ಒಂಬತ್ತೂ ಇರಬಹುದು... ಛೆ, ಬೈಂಡ್ ಮಾಡೋವಾಗ ಅಂಚನ್ನೇ ಹಾರಿಸಿಬಿಟ್ಟಿದ್ದಾರಲ್ರೀ! ಯಾವ ಬುದ್ಧಿಗೇಡಿ...” ಅಷ್ಟಕ್ಕೇ ಅವರ ನಾಲಿಗೆ ನಿಂತಿತು.

“ನಾನೇ ಮೇಷ್ಟ್ರೇ” ಎಂದಳು ಗೋಂದಕ್ಕ. “ಅಂಚು ಹೊಳೀಬೇಕು ಅಂತ ಕತ್ತರಿಸ್ತಿದ್ವಿ. ಎರಡು ಬೆರಳಷ್ಟು. ಒಳಗೇನಿದೆ ಅಂತ ಯಾರು ನೋಡ್ತಿದ್ರು?”

“ನಿಮಗೇನು ಗೊತ್ತಿತ್ತು, ಬಿಡಿ. ಯಾರದೋ ಕೂಸು...” ಎಂದರು ಮೇಷ್ಟ್ರು.

“ನಂದು.”

ನರ್ಸಮ್ಮನ ಪೆನ್ನು ನಿಂತಿತು. ಆಮೇಲೆ ಗೋಂದಕ್ಕನ ಕೈ ಹಿಡಿಯಲು ಬಂದಳು. ಗೋಂದಕ್ಕ ಕೈ ಎಳೆದುಕೊಂಡಳು. ಆ ಕೈಯನ್ನು ಯಾರೂ ಮುಟ್ಟುವುದು ಅವಳಿಗೆ ಬೇಕಿರಲಿಲ್ಲ.

ಮನೆಗೆ ಬಂದಾಗ ಮಗಳು ಊಟಕ್ಕೆ ಕಾಯುತ್ತಿದ್ದಳು. ಅಮ್ಮನ ಮುಖ ನೋಡಿ ತಮಾಷೆ ಬಿಟ್ಟಳು. ಗೋಂದಕ್ಕ ಕೂತು, ನಲವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿದಳು. ತನಗೊಬ್ಬಳು ಅಕ್ಕ ಇದ್ದಳೆಂದು ಮಗಳಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ತಿಳಿಯಿತು.

“ಆ ಕತ್ತರಿಸಿದ ಚೂರುಗಳು ಎಲ್ಲಾದ್ರೂ ಉಳಿದಿರಬಹುದಾ ಅಮ್ಮಾ? ಅಂಗಡಿ ಗೋಡೌನಲ್ಲಿ? ಕೇಳೋಣ್ವಾ?”

ಗೋಂದಕ್ಕ ಇಲ್ಲವೆಂದು ತಲೆಯಾಡಿಸಿದಳು. “ಚೂರು ಕೆಲಸದವರಿಗೇ ಬಿಡ್ತಿದ್ರು. ಚೀಲ ತುಂಬ್ಕೊಂಡು ಮನೆಗೆ ತರ್ತಿದ್ದೆ, ಒಲೆಗೆ.” ಅಡುಗೆಮನೆಯ ಕಡೆ ನೋಡಿದಳು. “ಆ ವರ್ಷದ ದಫ್ತರ ಬೈಂಡಿಂಗಿಗೆ ಬಂದಿದ್ದು ಮೂರ್ನಾಲ್ಕು ವರ್ಷದ ಮೇಲೆ. ಆಗ ನಿನಗೆ ಎಂಟು ತಿಂಗಳು. ಆ ಕಾಗದ ಬೇಗ ಹತ್ತುತ್ತೆ, ಹೊಗೆ ಬರಲ್ಲ. ಅದನ್ನ ಹಾಕೇ ದಿನಾ ನಿನಗೆ ಸ್ನಾನಕ್ಕೆ ನೀರು ಕಾಯಿಸ್ತಿದ್ದೆ ಕಣೇ.”

ಮಗಳು ಎದ್ದು ಬಂದು ಅಮ್ಮನ ಬೆನ್ನಿಗೆ ಆತುಕೊಂಡು ಕೂತಳು. ಗೋಂದಕ್ಕ ಆಗ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಕರುಳು ಕಿತ್ತು ಬರುವಂತೆ, ನಾಚಿಕೆ ಬಿಟ್ಟು, ಅಕ್ಕಪಕ್ಕದ ಮನೆಗೆ ಕೇಳಿಸುವಷ್ಟು ಅತ್ತಳು.

ಭಾನುವಾರ ಬೆಳಿಗ್ಗೆ ಮಗಳು ಹಟ ಹಿಡಿದು ಸ್ಮಶಾನಕ್ಕೆ ಕರೆದುಕೊಂಡು ಹೋದಳು. ನಂಬರಿಲ್ಲದಿದ್ದರೆ ಏನಂತೆ, ಜಾಗವಂತೂ ಅದೇ, ಸ್ವಲ್ಪ ಹೊತ್ತು ಕೂತು ಬರೋಣ ಎಂದಳು. ಮಕ್ಕಳ ಭಾಗಕ್ಕೆ ಮೊಣಕಾಲೆತ್ತರದ ಕಬ್ಬಿಣದ ಗೇಟು. ಮಗಳು ಅದನ್ನು ತೆರೆದು ಒಳಗೆ ಹೋದಳು. ಹುಲ್ಲು ಒಂದೇ ಸಮ ಹಸಿರಾಗಿ, ಎಲ್ಲೂ ಏರುತಗ್ಗಿಲ್ಲದೆ ಕೊನೆಯ ಗೋಡೆಯವರೆಗೂ ಹರಡಿತ್ತು.

“ಬಾ ಅಮ್ಮಾ.”

ಗೋಂದಕ್ಕ ಗೇಟಿನ ಆಚೆಯೇ ನಿಂತಿದ್ದಳು. ಒಂದು ಕಾಲು ಎತ್ತಿದಳು, ಕೆಳಗೆ ನೋಡಿದಳು, ಮತ್ತೆ ಅಲ್ಲೇ ಇಟ್ಟಳು.

“ಹೇಗೆ ಬರ್ಲಿ?” ಎಂದಳು. “ಎಲ್ಲಿ ಮಲಗಿದ್ದಾಳೋ ಗೊತ್ತಿಲ್ಲ. ಅವಳ ಮೇಲೇ ಕಾಲಿಟ್ಟುಬಿಟ್ರೆ?”

ಮಗಳು ತಾನು ನಿಂತಿದ್ದ ಜಾಗವನ್ನು ನೋಡಿಕೊಂಡಳು. ಆಮೇಲೆ ಅಲ್ಲಿಂದ ಅಲುಗಲು ಅವಳಿಗೂ ಧೈರ್ಯ ಬರಲಿಲ್ಲ.